ಎರಡು ಸಲ ಕೇಳಿದ ಕಾಫಿ

"ಕಾಫಿ ಆಯ್ತೇನೇ?" ಎಂದು ಒಳಕೋಣೆಯಿಂದ ನನ್ನ ಯಜಮಾನರ ದನಿ ಕೇಳಿದ್ದು, ಅವರ ವೈಕುಂಠ ಸಮಾರಾಧನೆಯ ಮರುದಿನ. ವೇಲಚೇರಿಯ ನಮ್ಮ ಹಾಲ್‌ನಲ್ಲಿ ನನ್ನನ್ನು ಮಾತನಾಡಿಸಲು ಬಂದಿದ್ದ ನೆಂಟರು ಕುಳಿತಲ್ಲೇ ಕಲ್ಲಾದರು. ಯಜಮಾನರನ್ನು ಎತ್ತಿ ಆಡಿಸಿದ್ದ ಚಿಕ್ಕಮ್ಮ ಮಾತ್ರ ಅಭ್ಯಾಸಬಲದಿಂದ, "ಆಗ್ತಿದೆ ಕಣಪ್ಪ" ಎಂದರು. ಮರುಕ್ಷಣವೇ ಅದೇ ದನಿ ಮತ್ತೆ ಕೇಳಿತು.

"ಕೊಂಜ ಇರೋ, ಹಾಲು ಕಾಯೋದು ಬೇಡ್ವಾ?" ಎಂದು ಚಿಕ್ಕಮ್ಮ ಗದರಿದರು.

ನಾದಿನಿಯ ಮಗಳು ಒಳಕೋಣೆಯಲ್ಲಿದ್ದ ಯಜಮಾನರ ಕಂಪ್ಯೂಟರ್ ಬಳಿಗೆ ಓಡಿದಳು. ದಿನವೂ ಸಂಜೆ ನಾಲ್ಕು ಗಂಟೆಗೆ ಹಾಗೆ ಕೂಗಲೆಂದು ಅವರು ತಮ್ಮ ದನಿಯನ್ನೇ ಅದರಲ್ಲಿ ತುಂಬಿಸಿಟ್ಟಿದ್ದರು. ಅವರು ಆಸ್ಪತ್ರೆ ಸೇರಿದಾಗಿನಿಂದ ಸುಮ್ಮನಿದ್ದ ಕಂಪ್ಯೂಟರಿಗೆ ಇವಳು ಅಂದು ಬೆಳಿಗ್ಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದ್ದಳು.

"ಮಾಮಾ ಬರೆದ ಹಳೆ ಸೆಟ್ಟಿಂಗ್ಸ್ ಫೈಲ್ ಅಪ್ಪಡಿಯೇ ಇದೆ ಮಾಮಿ, ಇದ್ದ ಹಾಗೇ. ಹೊಸ ಫೈಲಿಗೂ ಅದೇ ಕಾಪಿ ಆಗಿದೆ. ಅದಕ್ಕೇ ಎರಡು ಸಲ. ಎರಡೂ ಡಿಲೀಟ್ ಮಾಡ್ಲಾ?"

"ಒಂದು ಇರಲಿ" ಎಂದೆ.

ಈಗ ಅವರು ನಾಲ್ಕಕ್ಕೆ ಒಂದೇ ಸಲ ಕೇಳುತ್ತಾರೆ. ಸ್ವಲ್ಪ ಹೊತ್ತಿಗೆ ಪೋರೂರಿನಿಂದ ಚಿಕ್ಕಮ್ಮ ಫೋನ್ ಮಾಡಿ, "ಕೊಟ್ಟೆಯೇನೇ ಅವನಿಗೆ?" ಎನ್ನುತ್ತಾರೆ. ಕೊಟ್ಟೆ ಎಂದು ಹೇಳಿ, ನನ್ನ ಒಂದು ಲೋಟ ಕಾಫಿಯನ್ನು ಆರುವ ಮೊದಲು ಕುಡಿಯುತ್ತೇನೆ.