ತೊಳೆಯದೆ ಇಟ್ಟ ಸೀರೆ

ಭಾನುವಾರ ಸಂಜೆ ನಾಲ್ಕು ಇಪ್ಪತ್ತಕ್ಕೆ ನಮ್ಮ ಬೀದಿಯ ಸಮುದಾಯ ಭವನದ ಚಿಲಕವನ್ನು ಯಾರೋ ಹೊರಗಿನಿಂದ ಹಾಕಿದರು. ಒಳಗೆ ಹನ್ನೊಂದು ಹುಡುಗಿಯರಿದ್ದರು, ನಾನಿದ್ದೆ.

ಕವಲಂದೆ ಕಡೆಯ ನಮ್ಮೂರಿನಲ್ಲಿ, ಬಿ.ಎಡ್. ಮುಗಿಸಿದ ಮೇಲೆ, ನಾನು ವಾರಕ್ಕೊಂದು ತರಗತಿ ನಡೆಸುತ್ತಿದ್ದೆ. ಪ್ರತಿ ಸಲ ಒಬ್ಬಳು ಎದ್ದು ಹಿಂದಿನ ಕಾಲದವರೊಬ್ಬರ ಬದುಕಿನ ಕತೆ ಹೇಳಬೇಕು. ನಮ್ಮ ಬೀದಿಯ ಹೆಣ್ಣುಮಕ್ಕಳು ಹೀಗೆ ಎದ್ದು ಮಾತಾಡುವುದು ಊರಿನ ಕೆಲವರಿಗೆ ಆಗುತ್ತಿರಲಿಲ್ಲ. ಅಂದು, ಹತ್ತೊಂಬತ್ತನೇ ಶತಮಾನದಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದ ತಾಯಿಯ ಹುಟ್ಟುಹಬ್ಬ. ದಾರಿಯಲ್ಲಿ ಸಗಣಿ ಎರಚುತ್ತಾರೆಂದು ಆಕೆ ಚೀಲದಲ್ಲಿ ಇನ್ನೊಂದು ಸೀರೆ ಒಯ್ಯುತ್ತಿದ್ದರು. ಅದರ ನೆನಪಿಗೆ ಆ ದಿನ ಎಲ್ಲರೂ ಒಂದು ಜೊತೆ ಬಟ್ಟೆ ತರುವುದು ನಮ್ಮ ಪದ್ಧತಿ. ಎಂಟನೇ ಕ್ಲಾಸಿನವಳೊಬ್ಬಳು ಕತೆ ಹೇಳುತ್ತ ಆ ತಾಯಿಯನ್ನು ಶಾಲೆಯ ಬಾಗಿಲವರೆಗೆ ಕರೆತಂದಿದ್ದಳು. ಅಷ್ಟರಲ್ಲಿ ಕಿಟಕಿಯಿಂದ ಒಂದು ಬಕೆಟ್ ಸಗಣಿನೀರು ನನ್ನ ಮೇಲೆ ಬಿತ್ತು. ಬಾಗಿಲ ಸಂದಿಯಿಂದ ಡೀಸೆಲ್ ಹರಿದು ಬಂತು. ಕಿಟಕಿಯಾಚೆ, ಮುಖಕ್ಕೆ ಟವೆಲ್ ಕಟ್ಟಿದ ನಾಲ್ವರು.

"ಈಗ ಮಾಡಮ್ಮಿ ಪಾಠ! ಬಟ್ಟೆ ತಂದಿದ್ದೀಯಲ್ಲ, ಬದ್ಲಾಯಿಸ್ಕೊ! ಲೇ, ಕಡ್ಡಿ ಕೊಡ್ಲಾ ಇಲ್ಲಿ."

ಆ ದನಿ ನನಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ಹಾಲಿನ ಡೈರಿಯಲ್ಲಿ ಯಾರ ಹಾಲಿನ ಫ್ಯಾಟ್ ಎಷ್ಟೆಂದು ಊರಿಗೆಲ್ಲ ಕೇಳುವಂತೆ ಕೂಗುವವನ ದನಿ. ಮುಖ ಮುಚ್ಚಿದವನಿಗೆ ಬಾಯಿ ಮುಚ್ಚಬೇಕೆಂದು ಹೊಳೆದಿರಲಿಲ್ಲ.

ಕಳೆ ಕಿತ್ತು ಬರುತ್ತಿದ್ದ ಹೆಂಗಸರು ಅರಚಿಕೊಂಡು ನುಗ್ಗಿದಾಗ ಆ ನಾಲ್ವರು ಓಡಿದರು. ಹೆಂಗಸರೇ ಚಿಲಕ ತೆಗೆದರು. ಕಡ್ಡಿ ಗೀರಿರಲಿಲ್ಲ. ನನ್ನ ತಲೆಯಲ್ಲಿ ಮಾತ್ರ ಅದು ಗೀರುತ್ತಲೇ ಇತ್ತು.

"ಸೀರೆ ಕೊಡವ್ವ, ನೆನೆಯಾಕ್ತೀನಿ. ಇಲ್ಲೇ ಬಾಳ್ಬೇಕಲ್ಲ," ಅಂದಳು ಅವ್ವ. ಕೊಡಲಿಲ್ಲ. ಅದನ್ನು ಚೀಲಕ್ಕೆ ತುರುಕಿಕೊಂಡು ನರಸೀಪುರದ ಚಿಕ್ಕಮ್ಮನ ಮನೆಗೆ ಹೋದೆ. ಹತ್ತು ದಿನ ಅಲ್ಲಿ ಬಾಗಿಲ ಸಂದಿಗೆ ಒದ್ದೆ ಬಟ್ಟೆ ಒತ್ತಿ ಮಲಗಿದೆ. ನಿದ್ದೆ ಬರಲಿಲ್ಲ. ಊರಿನಲ್ಲಿ ಹುಡುಗಿಯರ ಮನೆಯವರು ಹೆದರಿ ದೂರು ಕೊಟ್ಟಿರಲಿಲ್ಲ. ಆ ತಾಯಿ ಸಗಣಿ ಎರಚಿದವರನ್ನು ಕ್ಷಮಿಸಿದರೆಂದು ನಾನೇ ಎಷ್ಟೋ ಸಲ ಪಾಠ ಮಾಡಿದ್ದೆ. ನನ್ನಿಂದ ಆಗಲಿಲ್ಲ. ಅವನ ಆ ದನಿ ಅಡಗಬೇಕಿತ್ತು.

ಹನ್ನೊಂದನೇ ದಿನ ಮೊದಲ ಬಸ್ಸಿಗೆ ಬಂದು ಡೈರಿಯ ಸಾಲಿನಲ್ಲಿ ನಿಂತೆ. ಸರದಿ ಬಂದಾಗ ಒಣಗಿ ಗಡಸಾಗಿದ್ದ ಸೀರೆಯನ್ನು ಅವನ ಮುಂದೆ ತೂಕದ ಯಂತ್ರದ ಮೇಲೆ ಇಟ್ಟೆ.

"ಫ್ಯಾಟ್ ಎಷ್ಟು ಕೂಗಿ ಸಾ. ಅವತ್ತು ಕಡ್ಡಿ ಕೇಳಿದ್ರಲ್ಲ, ಅದೇ ಗಂಟ್ಲಲ್ಲಿ."

ಅವನು ಸೀರೆಯನ್ನು ಪಕ್ಕಕ್ಕೆ ತಳ್ಳಿ ನನ್ನ ಹಿಂದಿನವರ ಕ್ಯಾನಿಗೆ ಕೈ ಚಾಚಿದ. ಹಿಂದಿದ್ದ ಎಂಟನೇ ಕ್ಲಾಸಿನವಳ ಅಜ್ಜಿ ಹಾಲಿನ ಕ್ಯಾನ್ ಕೆಳಗಿಟ್ಟಳು. "ಕೂಗ್ಲಾ! ದಿನಾ ಬಡ್ಕೊತಿದ್ದೆ, ಇವತ್ತೇನಾಯ್ತು? ನನ್ ಮೊಮ್ಮಗ್ಳೂ ಕೇಳವ್ಳೆ ನಿನ್ ದನಿಯ."

"ಸುಮ್ಕೆ ಎದ್ರುಸಕ್ಕೆ ಕಣಜ್ಜಿ... ಕಡ್ಡಿ ಗೀರ್ಲಿಲ್ವಲ್ಲ."

ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಅದೇ ಸೀರೆ ಹಿಡಿದು, ಆ ಅಜ್ಜಿ ಮತ್ತು ಹುಡುಗಿಯರ ಅಪ್ಪಂದಿರ ಜೊತೆ ಠಾಣೆಗೆ ಹೋಗಿ ದೂರು ಬರೆಸಿದೆ. ಪೊಲೀಸರ ಜೀಪು ಹತ್ತುವಾಗ ಡೈರಿಯವನು ಮತ್ತೆ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ. ನಾನು ಕಣ್ತುಂಬ ನೋಡಿದೆ. ಅಷ್ಟು ಸುಖಪಟ್ಟದ್ದಕ್ಕೆ ಈಗಲೂ ನಾಚಿಕೆಯಿಲ್ಲ.

ಮುಂದಿನ ಭಾನುವಾರದ ತರಗತಿಯಲ್ಲಿ ಎಂಟನೇ ಕ್ಲಾಸಿನವಳು ಆ ತಾಯಿಯನ್ನು ಶಾಲೆಯ ಒಳಗೆ ಕರೆದೊಯ್ದಳು. ಅಂದು ರಾತ್ರಿ ಮಲಗಿದ ನನಗೆ ಎಚ್ಚರವಾದಾಗ ಬಿಸಿಲು ಬಂದಿತ್ತು. ಡೈರಿಯಿಂದ ಫ್ಯಾಟ್ ಕೂಗುವುದು ಕೇಳಿಸುತ್ತಿತ್ತು. ದನಿ ಬೇರೆಯವರದು.