ಗೊಬ್ಬರ ಕಾಣದ ನಾಲ್ಕು ಸಾಲು

ಬೇಸಾಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುತ್ತೇನೆಂದು ನಾನು ಹೇಳಿದಾಗ, ಚಿಕ್ಕಮಗಳೂರಿನ ನಮ್ಮ ದಿನಸಿ ಅಂಗಡಿಯಲ್ಲಿ ಕೂತಿದ್ದ ಅಪ್ಪ ತಲೆಯೆತ್ತಿ, "ಗುದ್ದಲಿ ಯಾವ ಕಡೆಯಿಂದ ಹಿಡೀತಾರೆ ಗೊತ್ತೇನೋ?" ಎಂದು ಕೇಳಿದರು. ಗೊತ್ತಿರಲಿಲ್ಲ. ಆದರೆ ಬಿ.ಎಸ್ಸಿ.ಯ ನಾಲ್ಕು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾವ ಪರೀಕ್ಷೆಯಲ್ಲೂ ಕೇಳಿರಲಿಲ್ಲವಾದ್ದರಿಂದ ನಾನು ಒಳ್ಳೆಯ ಅಂಕವನ್ನೇ ತೆಗೆದಿದ್ದೆ. ಇದು ತೊಂಬತ್ತರ ದಶಕದ ಕೊನೆಯ ಮಾತು.

ಎಂ.ಎಸ್ಸಿ.ಗೆ ಒಂದು ಪ್ರಯೋಗ ಮಾಡಿ ಪ್ರಬಂಧ ಬರೆಯಬೇಕು. ಕಾಫಿಗೆ ಎಷ್ಟು ಗೊಬ್ಬರ ಕೊಟ್ಟರೆ ಎಷ್ಟು ಹಣ್ಣು ಎಂಬುದು ನನ್ನ ವಿಷಯ. ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ ಮಾವನ ಸಣ್ಣ ಎಸ್ಟೇಟ್ ಇತ್ತು. ಅವರು ಹದಿನಾರು ಸಾಲು ಗಿಡ ಬಿಟ್ಟುಕೊಟ್ಟರು. ನನ್ನ ಗೈಡ್ ಆಗಿದ್ದ ಪ್ರೊಫೆಸರು ಚೀಟಿ ಎತ್ತಿ, ಯಾವ ಸಾಲಿಗೆ ಎಷ್ಟು ಗೊಬ್ಬರ ಎಂದು ಬರೆದುಕೊಟ್ಟರು. ನಾಲ್ಕು ಸಾಲಿಗೆ ಏನೂ ಹಾಕುವಂತಿಲ್ಲ. ಶಾಸ್ತ್ರದಲ್ಲಿ ಅದಕ್ಕೆ ಕಂಟ್ರೋಲ್ ಎನ್ನುತ್ತಾರೆ. ಆ ನಾಲ್ಕು ಸಾಲು ಹಸಿದಿದ್ದರೆ ಮಾತ್ರ ಉಳಿದ ಹನ್ನೆರಡು ಉಂಡದ್ದಕ್ಕೆ ಪುರಾವೆ. ಚೀಟಿಯ ದೆಸೆಯಿಂದ ಅವು ಮೂರನೆಯದು, ಎಂಟನೆಯದು, ಒಂಬತ್ತನೆಯದು, ಹದಿನಾಲ್ಕನೆಯದು ಎಂದು ಅಲ್ಲೊಂದು ಇಲ್ಲೊಂದು ಬಿದ್ದವು.

ಕಾಫಿ ತೋಟದಲ್ಲಿ ಸಾಲು ಬಿಡುವುದೆಂದರೆ ಮಾನ ಹೋಗುವ ವಿಷಯ. ಗೊಬ್ಬರ ಹಾಕುವಾಗಲಾಗಲಿ ಹಣ್ಣು ಕೊಯ್ಯುವಾಗಲಾಗಲಿ ಒಂದು ಸಾಲು ತಪ್ಪಿದರೆ ಬೈಗುಳ ಬೀಳುವುದು ಆಳಿಗಲ್ಲ, ಮೇಸ್ತ್ರಿಗೆ. ಮಾವನ ತೋಟದ ಮೇಸ್ತ್ರಿ ಅರವತ್ತರ ಆಸುಪಾಸಿನವರು. ಸಂಜೆ ಎಲ್ಲರೂ ಮನೆಗೆ ಹೊರಟ ಮೇಲೆ ಕೈ ಹಿಂದೆ ಕಟ್ಟಿಕೊಂಡು ಒಬ್ಬರೇ ಸಾಲು ಸಾಲೂ ನೋಡಿಕೊಂಡು ಬರುತ್ತಿದ್ದರು. ಇದೆಲ್ಲ ನನಗೆ ಗೊತ್ತಿತ್ತು. ಆದರೂ ನನ್ನ ಪ್ರಯೋಗ ಏನೆಂದು ಅವರಿಗೊಂದು ಮಾತು ಹೇಳಲಿಲ್ಲ. ಎಂ.ಎಸ್ಸಿ. ಓದುವವನು ಮೇಸ್ತ್ರಿಗೆ ವಿವರಣೆ ಕೊಡುವುದೇ? ಅಷ್ಟು ಕೊಬ್ಬು ನನಗಿತ್ತು.

ಅಂಗಡಿಯಲ್ಲಿ ಏಲಕ್ಕಿ ತೂಗುವ ತಕ್ಕಡಿ ತಂದಿದ್ದೆ. ವರ್ಷಕ್ಕೆ ಮೂರು ಸಲ, ಗಿಡದ ಬುಡದಲ್ಲಿ ಒಣಗಿ ಬಿದ್ದ ಎಲೆಗಳ ದರಗು ಸರಿಸಿ, ತೂಗಿದ ಗೊಬ್ಬರ ಸುತ್ತಲೂ ಉದುರಿಸಿ, ಮತ್ತೆ ದರಗು ಮುಚ್ಚುತ್ತಿದ್ದೆ. ಮೇಸ್ತ್ರಿ ನಿಂತು ನೋಡಿ, "ಗೊಬ್ಬರಾನ ಬಂಗಾರದ ಹಾಗೆ ತೂಗ್ತೀರಲ್ಲ ಮಾರಾಯ್ರೆ" ಎಂದು ನಕ್ಕು ಹೋಗುತ್ತಿದ್ದರು. ಅಜ್ಞಾನ ಎಂದುಕೊಂಡು ನಾನೂ ನಗುತ್ತಿದ್ದೆ.

ಕೊಯ್ಲು ಬಂತು. ಏನೂ ಹಾಕದ ಆ ನಾಲ್ಕು ಸಾಲು ಹಣ್ಣಿನ ಭಾರಕ್ಕೆ ಬಾಗಿ ನಿಂತಿದ್ದವು. ಮೂರು ಸಲ ತೂಗಿದೆ. ಮೂರು ಸಲವೂ ಅವೇ ಮೊದಲು. ಮೂಡಿಗೆರೆ ಬಸ್ ಸ್ಟ್ಯಾಂಡಿನ ಎಸ್.ಟಿ.ಡಿ. ಬೂತಿನಿಂದ ಪ್ರೊಫೆಸರಿಗೆ ಫೋನು ಮಾಡಿದೆ.

"ಸರ್, ಕಂಟ್ರೋಲೇ ಮುಂದಿದೆ."

ಪ್ರೊಫೆಸರು, "ಹಾಗಾದ್ರೆ ದೇಶದ ಗೊಬ್ಬರದ ಕಾರ್ಖಾನೆಗಳನ್ನೆಲ್ಲ ಮುಚ್ಚಿಸಿಬಿಡೋಣವೇನಪ್ಪಾ?" ಎಂದರು.

ಪ್ರಯೋಗ ಕೆಟ್ಟರೆ ಡಿಗ್ರಿ ಒಂದು ವರ್ಷ ಹಿಂದಕ್ಕೆ. ಅಪ್ಪ ಆಗಲೇ ಬೆಲ್ಲ ಕೊಳ್ಳಲು ಬಂದವರಿಗೆಲ್ಲ ಮಗನ ಎಂ.ಎಸ್ಸಿ. ಮುಗಿಯಿತೆಂದು ಹೇಳಿಯಾಗಿತ್ತು. ನನಗೆ ಊಟ ಸೇರದಾಯಿತು. ಹೊರನಾಡಿಗೆ ಹೋಗಿ ಬಾ ಎಂದರು ಅತ್ತೆ. ಹೋಗಿ ಬಂದೆ. ಅಲ್ಲಿ ಊಟವೇನೋ ಸೇರಿತು, ಹಣ್ಣಿನ ತೂಕ ಮಾತ್ರ ಬದಲಾಗಲಿಲ್ಲ.

ಮುಂದಿನ ವಾರ ಪ್ರೊಫೆಸರು ಜೀಪು ಹತ್ತಿ ಬಂದೇಬಿಟ್ಟರು. ಮೂರನೆಯ ಸಾಲಿನಲ್ಲಿ ಬಗ್ಗಿ, ಒಂದು ಕೋಲಿನಿಂದ ದರಗು ಸರಿಸಿದರು. ಕೆಳಗೆ ಗಿಡದ ಸುತ್ತ ಅಚ್ಚುಕಟ್ಟಾಗಿ ಮಣ್ಣು ಕೆದಕಿದ ಗುರುತು, ಕೊಟ್ಟಿಗೆ ಗೊಬ್ಬರದ ಚೂರು. "ಇದು ಯಾರ ಕೆಲಸ?" ಎಂದರು.

ಮೇಸ್ತ್ರಿ ನನ್ನನ್ನೊಮ್ಮೆ ಕನಿಕರದಿಂದ ನೋಡಿ, ಪ್ರೊಫೆಸರನ್ನು ನಾಲ್ಕು ಹೆಜ್ಜೆ ಆಚೆ ಕರೆದುಕೊಂಡು ಹೋದರು. ಗುಟ್ಟಿನ ಮಾತನ್ನೂ ತೋಟಕ್ಕೆಲ್ಲ ಕೇಳುವಂತೆ ಆಡುವ ಗಂಟಲು ಅವರದು.

"ಸಾರ್, ಇವ್ರು ಒಳ್ಳೆಯವ್ರು. ಆದ್ರೆ ಸಾಲು ತಪ್ತಾರೆ. ಮೂರು ಸಲಾನೂ ಅದೇ ನಾಲ್ಕು ಸಾಲು ಬಿಟ್ಟಿದ್ರು. ಸಾವ್ಕಾರ್ರಿಗೆ ಗೊತ್ತಾದ್ರೆ ಇವ್ರ ಮರ್ಯಾದೆ ಹೋಗುತ್ತಲ್ಲ ಅಂತ, ಇವ್ರ ಚೀಲದಲ್ಲಿ ಮಿಕ್ಕಿದ್ದನ್ನೇ ನಾನು ಹಾಕಿ ಮುಚ್ಚಿದೆ. ತಡ ಆಯ್ತಲ್ಲ, ಅದಕ್ಕೆ ಒಂದೊಂದು ಹಿಡಿ ಜಾಸ್ತಿ. ಮೇಲಿಂದ ಸ್ವಲ್ಪ ಕೊಟ್ಟಿಗೆ ಗೊಬ್ಬರ. ಇದನ್ನ ಇಟ್ಕೊಂಡು ಹುಡುಗನ್ನ ಫೇಲ್ ಮಾಡ್ಬೇಡಿ."

ಪ್ರೊಫೆಸರು ಅಲ್ಲೇ ಒಂದು ಮರದ ಬೊಡ್ಡೆಯ ಮೇಲೆ ಕೂತು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಕ್ಕು ಮುಗಿಸಿ, "ಇನ್ನೊಂದು ವರ್ಷ" ಎಂದರು. ನನಗೆ ಮೇಸ್ತ್ರಿಯ ಮೇಲೆ ಕೆಂಡದಂಥ ಕೋಪ ಬಂತು. ಮೂರು ಸಲ ನನ್ನ ಮಾನ ಉಳಿಸಿದವರನ್ನು ಬೈಯುವುದು ಹೇಗೆಂದು ಮಾತ್ರ ತಿಳಿಯಲಿಲ್ಲ.

ಮಾರನೆಯ ವರ್ಷಕ್ಕೆ ಪಕ್ಕದ ಹದಿನಾರು ಸಾಲು, ಹೊಸ ಚೀಟಿ. ಈ ಸಲ ಮೇಸ್ತ್ರಿಯ ಜೊತೆ ಕೂತು ಎಲ್ಲ ಬಿಡಿಸಿ ಹೇಳಿದೆ. ಅವರು ಎಲೆಯಡಿಕೆ ಮೆಲ್ಲುವುದನ್ನೇ ನಿಲ್ಲಿಸಿ ಕೇಳಿದರು.

"ಅಂದ್ರೆ, ಪಕ್ಕದವ್ರಿಗೆಲ್ಲ ಬಡಿಸಿ, ಇವನ್ನ ಖಾಲಿ ಎಲೆ ಮುಂದೆ ಕೂರ್ಸೋದಾ?"

"ನಾನು ಪಾಸಾಗ್ಬೇಕಲ್ಲ ಮೇಸ್ತ್ರಿಯವ್ರೆ."

"ಎಂಥಾ ಓದು ಮಾರಾಯ್ರೆ ಇದು" ಎಂದರು. ಆದರೆ ಕೊಟ್ಟ ಮಾತು ಉಳಿಸಿಕೊಂಡರು. ನೋಡಿದರೆ ಕೈ ತಡೆಯುವುದಿಲ್ಲವೆಂದು ವರ್ಷವಿಡೀ ಸಂಜೆ ಬೇರೆ ದಾರಿಯಲ್ಲಿ ಸುತ್ತಿ ಬಂದರು. ಆ ನಾಲ್ಕು ಸಾಲುಗಳ ಎಲೆ ಹಳದಿಗೆ ತಿರುಗಿತು. ಹಣ್ಣೂ ಕಡಿಮೆಯಾಯಿತು. ಎಲ್ಲ ಪುಸ್ತಕದಲ್ಲಿದ್ದಂತೆಯೇ ಬಂತು. ಪ್ರೊಫೆಸರು ಬೆನ್ನು ತಟ್ಟಿದರು. ನನಗೆ ಖುಷಿಯಾಗಬೇಕಿತ್ತು, ಆದರೆ ಆ ಗಿಡಗಳ ಕಡೆ ನೋಡಲು ನಾಚಿಕೆಯಾಗುತ್ತಿತ್ತು.

ಕೊನೆಯ ಬುಟ್ಟಿ ಹಣ್ಣು ತೂಗಿ ಪುಸ್ತಕ ಮುಚ್ಚಿದಾಗ ಮೇಸ್ತ್ರಿ ಗೊಬ್ಬರದ ಬುಟ್ಟಿ ಹಿಡಿದು ಕಾಯುತ್ತಿದ್ದರು. "ನಿಮ್ಮ ಪರೀಕ್ಷೆ ಮುಗೀತಲ್ಲ? ಇನ್ನು ಇವಕ್ಕೆ ಬಡಿಸ್ಬಹುದಾ?"

ಬುಟ್ಟಿಯನ್ನು ನಾನೇ ಇಸಿದುಕೊಂಡೆ. ತಕ್ಕಡಿ ಚೀಲದಲ್ಲೇ ಉಳಿಯಿತು. ಗಿಡಕ್ಕೆ ಎರಡೆರಡು ಹಿಡಿಯಂತೆ ನಾಲ್ಕು ಸಾಲಿಗೂ ಹಾಕಿ, ದರಗು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ ನಿಂತೆ. ಹಿಂದಿನಿಂದ ಕೈ ಕಟ್ಟಿಕೊಂಡು ಬರುತ್ತಿದ್ದ ಮೇಸ್ತ್ರಿ ಕೊನೆಯ ಸಾಲಿನ ನಡುವೆ ನಿಂತುಬಿಟ್ಟರು.

"ಮಾರಾಯ್ರೆ, ಒಂದು ಗಿಡ ಬಿಟ್ಟಿದ್ದೀರಿ."

ಈ ಸಲ ನಿಜವಾಗಿಯೂ ಬಿಟ್ಟಿದ್ದೆ.