ಮಂಕಾದ ಗಿಳಿಹಸಿರು

ಕೊಳ್ಳೇಗಾಲದ ರಾಚಯ್ಯ ಹತ್ತೊಂಬತ್ತು ವರ್ಷದಿಂದ ಸ್ಟುಡಿಯೊ ನಡೆಸುತ್ತಿದ್ದ. ಸದಾ ಅನುಮಾನದ ಮನುಷ್ಯ; ತನ್ನ ಪೆನ್‌ಡ್ರೈವನ್ನು ಯಾರ ಕೈಗೂ ಬಿಡುತ್ತಿರಲಿಲ್ಲ. ಮುಳ್ಳೂರಿನ ಪುಟ್ಟಬಸಮ್ಮ, ಅವನೇ ಫೋಟೊ ತೆಗೆದಿದ್ದ ಮಗಳ ಮದುವೆಯ ಆಲ್ಬಂ ಹಿಡಿದು ಬಂದಾಗ ಅನುಮಾನ ಅವನ ಮೇಲೆಯೇ ತಿರುಗಿತ್ತು.

"ನಾವು ಉಡ್ಸಿದ್ದು ಗಿಳಿಹಸಿರು ರೇಷ್ಮೆ ಸೀರೆ. ಇದ್ಯಾಕಪ್ಪ ಬಾಡೋಗಿರೋ ಸೊಪ್ನಂಗದೆ? ನೋಡ್ದೋರು ಹಳೇ ಸೀರೆ ಉಡ್ಸವ್ರೆ ಅಂತವ್ರೆ."

"ಲ್ಯಾಬ್‌ನೋರು ಕಳಪೆ ಇಂಕ್ ಹಾಕವ್ರೆ ಕಣವ್ವ," ಎಂದ ರಾಚಯ್ಯ.

ಆಲ್ಬಂ ಅಚ್ಚು ಹಾಕಿದ ಮೈಸೂರಿನ ಲ್ಯಾಬಿಗೆ ಫೋನ್ ಮಾಡಿ ಜಗಳಕ್ಕೆ ನಿಂತ. ಅಲ್ಲಿನ ಯುವತಿ ಸಮಾಧಾನದಿಂದ ಕೇಳಿದಳು: "ಫೋಟೊ ಯಾವ ಕಲರ್ ಸ್ಪೇಸ್‌ನಲ್ಲಿತ್ತು ಸರ್? ನಮ್ಮ ಮೆಷಿನ್ ಎಸ್‌ಆರ್‌ಜಿಬಿ ಅನ್ನೋ ಬಣ್ಣದ ಅಳತೆ ಮಾತ್ರ ಓದುತ್ತೆ."

ತಪ್ಪನ್ನು ನನ್ನ ತಲೆಗೆ ಕಟ್ಟುತ್ತಿದ್ದಾಳೆ ಎಂದುಕೊಂಡೇ ರಾಚಯ್ಯ ಕ್ಯಾಮೆರಾದ ಸೆಟ್ಟಿಂಗ್ ತೆರೆದು ನೋಡಿದ. ಹೆಚ್ಚು ಬಣ್ಣ ಹಿಡಿಯುತ್ತದೆಂದು ಯಾರೋ ಹೇಳಿದ್ದನ್ನು ಕೇಳಿ, ಮದುವೆಯ ಹಿಂದಿನ ದಿನ ಅವನೇ ಅದನ್ನು ಅಡೋಬಿ ಆರ್‌ಜಿಬಿ ಎಂಬ ಇನ್ನೊಂದು ಅಳತೆಗೆ ಬದಲಿಸಿದ್ದ. ಆ ದೊಡ್ಡ ಅಳತೆಯ ಬಣ್ಣಗಳನ್ನು ಮೆಷಿನ್ ತನಗೆ ಗೊತ್ತಿದ್ದ ಚಿಕ್ಕ ಅಳತೆಯಲ್ಲಿ ಓದಿಕೊಂಡು ಎಲ್ಲವನ್ನೂ ಮಂಕಾಗಿಸಿತ್ತು.

ಫೋಟೊಗಳನ್ನೆಲ್ಲ ಎಸ್‌ಆರ್‌ಜಿಬಿಗೆ ಬದಲಿಸಿ, ಹೊಸ ಆಲ್ಬಂ ಮಾಡಿಸಿ, ತಾನೇ ಮುಳ್ಳೂರಿಗೆ ಹೋದ.

"ತಪ್ಪು ನಂದೇ ಕಣವ್ವ. ಲ್ಯಾಬ್‌ನೋರ್ದಲ್ಲ."

ಪುಟ್ಟಬಸಮ್ಮ ಆ ಮಾತನ್ನೂ ನಂಬಲಿಲ್ಲ. ಮಗಳಿಂದ ತರಿಸಿಟ್ಟುಕೊಂಡಿದ್ದ ಸೀರೆಯನ್ನು ಒಳಗಿನಿಂದ ತಂದು, ಜಗಲಿಯ ಬಿಸಿಲಲ್ಲಿ ಪ್ರತಿ ಪುಟಕ್ಕೂ ಸೆರಗನ್ನು ಒತ್ತಿ ಹಿಡಿದು ನೋಡಿದಳು. ಕೊನೆಯ ಪುಟ ಮುಗಿಯುವವರೆಗೂ ರಾಚಯ್ಯ ನಿಂತೇ ಇದ್ದ.

"ಸರಿಯಾಗದೆ. ಕೂತ್ಕಳಪ್ಪ, ಕಾಪಿ ಕುಡ್ಕಂಡು ಓಗು," ಎಂದಳು.